ಒಕ್ಕದ ವಂಶವೃಕ್ಷ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋದಾಗ ಕೆಡುವುದೆಲ್ಲಿ? ದೋಷ ಪತ್ತೆ ಮತ್ತು ಪರಿಹಾರ

ಕೊಡಗಿನ ಎಷ್ಟೋ ಒಕ್ಕಗಳಲ್ಲಿ, ಅಂದರೆ ಒಬ್ಬ ಮೂಲಪುರುಷನಿಂದ ಬಂದ ದೊಡ್ಡ ಕುಟುಂಬಗಳಲ್ಲಿ, ಈಗ ವಂಶವೃಕ್ಷ ಎರಡು ಕಡೆ ಬೆಳೆಯುತ್ತಿದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಒಬ್ಬರು ಆನ್‌ಲೈನ್ ತಾಣದಲ್ಲಿ ಹೆಸರು ಸೇರಿಸುತ್ತಾ ಹೋಗಿರುತ್ತಾರೆ. ಗೋಣಿಕೊಪ್ಪದಲ್ಲಿರುವ ಇನ್ನೊಬ್ಬರು ಐನ್‌ಮನೆಯ (ಒಕ್ಕದ ಮೂಲಮನೆ) ಹಳೇ ಪುಸ್ತಕ ಮುಂದಿಟ್ಟುಕೊಂಡು ತಮ್ಮ ಲ್ಯಾಪ್‌ಟಾಪ್‌ನ ಸಾಫ್ಟ್‌ವೇರ್‌ನಲ್ಲಿ ತುಂಬಿಸಿರುತ್ತಾರೆ. ಎರಡನ್ನೂ ಒಂದು ಮಾಡೋಣ ಅಂತ ಫೈಲ್ ಕಳಿಸಿದ ಕೂಡಲೇ ತೊಂದರೆ ಶುರು. ಹೆಸರು ಓದಲಾಗದ ಚಿಹ್ನೆಗಳಾಗುತ್ತವೆ. ಒಕ್ಕದ ಹೆಸರು ಹಿಂದೆ ಮುಂದೆ ಆಗುತ್ತದೆ. ಅಜ್ಜನೂ ಮೊಮ್ಮಗನೂ ಒಬ್ಬನೇ ಆಗಿಬಿಡುತ್ತಾರೆ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದು ಒಂದೇ: ಹೊಸ ಕಡೆ ಕೂತು ಒಂದೊಂದೇ ಹೆಸರು ತಿದ್ದಲು ಹೊರಡುವುದು. ಅದನ್ನು ಮಾಡಬೇಡಿ. ಮುಂದಿನ ಸಲ ಫೈಲ್ ಬಂದಾಗ ಅದೇ ತಪ್ಪು ಮತ್ತೆ ಬರುತ್ತದೆ, ನಿಮ್ಮ ಕೆಲಸವೆಲ್ಲ ನೀರುಪಾಲು. ತಪ್ಪು ಯಾವ ಹಂತದಲ್ಲಿ ಆಯಿತು ಅಂತ ಮೊದಲು ಹಿಡಿಯಿರಿ. ತಿದ್ದುವುದಿದ್ದರೆ ಮೂಲದಲ್ಲೇ ತಿದ್ದಿ, ಹೊಸದಾಗಿ ಫೈಲ್ ತೆಗೆಯಿರಿ.

ಫೈಲ್‌ನ ಒಳಗೆ ಏನಿದೆ

ಎರಡು ಸಾಫ್ಟ್‌ವೇರ್‌ಗಳ ನಡುವೆ ಓಡಾಡುವ ಫೈಲ್‌ಗೆ ಜೆಡ್‌ಕಾಮ್ ಅಂತ ಹೆಸರು. ಜನ ಮಾರ್ಮನ್ ಚರ್ಚ್ ಅಂತ ಕರೆಯುವ ಅಮೆರಿಕದ ಚರ್ಚ್‌ನವರು ಇದನ್ನು 1984ರಲ್ಲಿ ಹೊರತಂದರು. ಅವರ ಕಣ್ಣ ಮುಂದೆ ಇದ್ದದ್ದು ಅಮೆರಿಕ, ಯುರೋಪಿನ ಹೆಸರುಗಳು. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಪದ್ಧತಿಗಳಲ್ಲಿ ಈಗ ಕನ್ನಡಕ್ಕೆ ಎಲ್ಲರೂ ಬಳಸುವುದು ಯುಟಿಎಫ್-8. ಅದು ಇದರೊಳಗೆ ಬಂದದ್ದು 1999ರ 5.5.1 ಆವೃತ್ತಿಯಲ್ಲಿ. ಅದೂ ಇಪ್ಪತ್ತು ವರ್ಷ ಕರಡಾಗಿಯೇ ಇದ್ದು 2019ರಲ್ಲಿ ಅಧಿಕೃತವಾಯಿತು. 2021ರಲ್ಲಿ 7.0 ಬಂತು, ಅದರಲ್ಲಿ ಯುಟಿಎಫ್-8 ಬಿಟ್ಟು ಬೇರೆಯದಕ್ಕೆ ಜಾಗವೇ ಇಲ್ಲ. ಆದರೆ ನಿಮ್ಮ ಕೈಗೆ ಬರುವ ಫೈಲ್ ಜಾಸ್ತಿ ಪಾಲು 5.5.1ರದ್ದೇ ಆಗಿರುತ್ತದೆ.

ಹೆದರುವಂಥದ್ದೇನೂ ಇಲ್ಲ, ಫೈಲ್ ಅಂದರೆ ಬರೀ ಅಕ್ಷರ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಬಹುದು. ಪ್ರತಿ ಸಾಲು ಒಂದು ಅಂಕಿಯಿಂದ ಶುರುವಾಗುತ್ತದೆ. 0 ಇದ್ದರೆ ಹೊಸ ದಾಖಲೆ, 1 ಇದ್ದರೆ ಅದರ ವಿವರ, 2 ಇದ್ದರೆ ವಿವರದ ವಿವರ. ಅಂಕಿಯ ಪಕ್ಕದಲ್ಲಿ ಟ್ಯಾಗ್ ಇರುತ್ತದೆ. ಫೈಲ್‌ನಲ್ಲಿ ಟ್ಯಾಗ್‌ಗಳು ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತವೆ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಪತ್ತೆ ಮಾಡುವ ದಾರಿ ಸುಲಭ. ಕೆಟ್ಟುಹೋದ ಒಂದೇ ಒಂದು ಹೆಸರನ್ನು ಆರಿಸಿಕೊಳ್ಳಿ. ಮೂಲ ಸಾಫ್ಟ್‌ವೇರ್‌ನಲ್ಲಿ ಅದು ಸರಿ ಇದೆಯಾ ನೋಡಿ. ಆಮೇಲೆ ಅದೇ ಹೆಸರನ್ನು ನೋಟ್‌ಪ್ಯಾಡ್‌ನಲ್ಲಿ ಹುಡುಕಿ. ಫೈಲ್‌ನಲ್ಲೇ ಕೆಟ್ಟಿದ್ದರೆ ಕಳಿಸಿದವರ ಕಡೆಯ ತಪ್ಪು. ಫೈಲ್‌ನಲ್ಲಿ ಸರಿ ಇದ್ದು ತೆರೆದ ಮೇಲೆ ಕೆಟ್ಟರೆ ತೆರೆದವರ ಕಡೆಯದ್ದು. ಇಷ್ಟು ಗೊತ್ತಾದರೆ ಅರ್ಧ ಜಗಳ ಮುಗಿದ ಹಾಗೆ. ಇಬ್ಬರು ಸೋದರ ಸಂಬಂಧಿಗಳು ವಾಟ್ಸ್ಆಪ್‌ನಲ್ಲಿ "ನಿನ್ನ ಫೈಲೇ ಸರಿ ಇಲ್ಲ", "ನಿನ್ನ ಸಾಫ್ಟ್‌ವೇರೇ ಸರಿ ಇಲ್ಲ" ಅಂತ ಕಿತ್ತಾಡುವುದು ತಪ್ಪುತ್ತದೆ.

ಇನ್ನೊಂದು ಮಾತು. ಬಂದ ಫೈಲನ್ನು ಯಾವತ್ತೂ ಈಗಾಗಲೇ ಇರುವ ವಂಶವೃಕ್ಷದೊಳಗೆ ನೇರವಾಗಿ ಸುರಿಯಬೇಡಿ. ಖಾಲಿ ವೃಕ್ಷ ಒಂದನ್ನು ತೆರೆದು ಅದರಲ್ಲಿ ಇಂಪೋರ್ಟ್ ಮಾಡಿ ನೋಡಿ. ಇದಕ್ಕೆ ಗ್ರಾಂಪ್ಸ್ ಎಂಬ ಉಚಿತ ಸಾಫ್ಟ್‌ವೇರ್ ಒಳ್ಳೆಯದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮಾಹಿತಿಯಲ್ಲಿ ಹೊಂದಿಕೆ ತಪ್ಪಿದ್ದರೆ ಹುಡುಕಿಕೊಡುವ ಸೌಲಭ್ಯವೂ ಅದರಲ್ಲೇ ಇದೆ.

ಅಕ್ಷರವೇ ಕೆಟ್ಟಿದ್ದರೆ

ಕೆಟ್ಟ ಅಕ್ಷರ ಎಂಬುದು ಒಂದೇ ರೋಗವಲ್ಲ. ಪರದೆಯ ಮೇಲೆ ಏನು ಕಾಣುತ್ತಿದೆ ಅಂತ ಸರಿಯಾಗಿ ನೋಡಿ.

ಖಾಲಿ ಚೌಕಗಳು ಕಂಡರೆ ನಿಶ್ಚಿಂತೆ. ಮಾಹಿತಿ ಸರಿ ಇದೆ, ಆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಹಾಕಿಕೊಂಡರೆ ಮುಗಿಯಿತು.

ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟದಾಗಿ ಮೇಲೆ ಬರೆದ 2 ಅಥವಾ 3, ಆಮೇಲೆ ಇನ್ನೇನೋ ಒಂದು ಚಿಹ್ನೆ, ಮತ್ತೆ ಅದೇ ಎ: ಹೀಗೆ ಸಾಲುಗಟ್ಟಿದ್ದರೆ ಅದು ಕನ್ನಡವೇ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಮೊದಲ ಎರಡು ಬೈಟ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದನ್ನು ವಿಂಡೋಸ್‌ನ ಹಳೇ ಇಂಗ್ಲಿಷ್ ಕೋಷ್ಟಕ ಹಿಡಿದು ಓದಿದರೆ ಈ ಎ ಮತ್ತು 2, 3ರ ಮೆರವಣಿಗೆ ಕಾಣುತ್ತದೆ. ಫೈಲ್‌ನ ಮೊದಲ ಕೆಲವು ಸಾಲುಗಳಲ್ಲಿ '1 ಸಿಎಚ್‌ಎಆರ್' ಎಂಬ ಸಾಲು ಹುಡುಕಿ. ಒಳಗಿರುವ ಅಕ್ಷರ ಯಾವ ಬಗೆಯದ್ದು ಅಂತ ಹೇಳುವ ಸಾಲು ಅದು. ಅಲ್ಲಿ ಆ ಹಳೇ ಕೋಷ್ಟಕದ ಹೆಸರಾದ 'ಎಎನ್‌ಎಸ್‌ಐ' ಅಂತಿದ್ದು ಒಳಗೆ ಯುಟಿಎಫ್-8 ಇದ್ದರೆ, ಕಾಫಿ ಚೀಲದ ಮೇಲೆ ರೋಬಸ್ಟಾ ಚೆರಿ ಅಂತ ಬರೆದು ಒಳಗೆ ಅರೇಬಿಕಾ ಪಾರ್ಚ್‌ಮೆಂಟ್ ತುಂಬಿದ ಹಾಗೆ. ಈಗಿನ ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್‌ನ ಕೆಳಗಿನ ಬಲಮೂಲೆ ನೋಡಿ, ಫೈಲ್ ನಿಜವಾಗಿ ಯಾವುದರಲ್ಲಿದೆ ಅಂತ ತೋರಿಸುತ್ತದೆ. ಅಲ್ಲಿ ಯುಟಿಎಫ್-8 ಇದ್ದು ಹೆಸರುಗಳು ಸರಿಯಾಗಿ ಕಂಡರೆ, ಪ್ರತಿ ಮಾಡಿಕೊಂಡ ಫೈಲ್‌ನಲ್ಲಿ ಆ ಒಂದು ಸಾಲನ್ನು 'ಯುಟಿಎಫ್-8' ಅಂತ ಬದಲಿಸಿ ಉಳಿಸಿ. ಮತ್ತೆ ಇಂಪೋರ್ಟ್ ಮಾಡಿ.

ಇಲ್ಲಿ ಅವಸರ ಮಾಡಿದವರಿಗೆ ಒಂದು ಗುಂಡಿ ಕಾದಿದೆ. ಕೆಟ್ಟ ಅಕ್ಷರಗಳು ಕಂಡಾಗಲೇ ಯಾರೋ ಅದನ್ನು ಹಾಗೇ ಸೇವ್ ಮಾಡಿದ್ದಾರೆ ಅಂದುಕೊಳ್ಳಿ. ಆಗ ಕೆಟ್ಟ ರೂಪವೇ ಖಾಯಂ. ಹಿಂದಕ್ಕೆ ತಿರುಗಿಸುವ ಉಪಾಯಗಳಿವೆ, ಆದರೆ ಕನ್ನಡದ ಪಾಲಿಗೆ ಪೂರ್ತಿ ಕೆಲಸ ಮಾಡುವುದಿಲ್ಲ. ವಿಂಡೋಸ್‌ನ ಆ ಹಳೇ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ. ನಮ್ಮ ಅರ್ಧಾಕ್ಷರದ ಗುರುತು, ಉಕಾರದ ಕೊಂಬು, ಏ ಮತ್ತು ಐ ಇವುಗಳ ಕೊನೆಯ ಬೈಟ್ ಸರಿಯಾಗಿ ಆ ಖಾಲಿ ಮನೆಗಳಲ್ಲೇ ಬೀಳುತ್ತದೆ. ಕೆಲವು ಸಾಫ್ಟ್‌ವೇರ್ ಅದನ್ನು ಹೇಗೋ ಉಳಿಸಿಕೊಳ್ಳುತ್ತವೆ, ಕೆಲವು ಎಸೆದುಬಿಡುತ್ತವೆ. ಎಸೆದರೆ 'ಮುತ್ತಣ್ಣ'ನಲ್ಲಿ ಕೊಂಬೂ ಇಲ್ಲ, ಒತ್ತೂ ಇಲ್ಲ. ಐನ್‌ಮನೆಗೆ ಮೊದಲಕ್ಷರವೇ ಇಲ್ಲ. ಹಾಗಾಗಿ ವಾಟ್ಸ್ಆಪ್‌ನಲ್ಲಿ ಬಂದ ಫೈಲನ್ನು ವರ್ಡ್‌ನಲ್ಲಿ ತೆರೆದು 'ಸ್ವಲ್ಪ ಸರಿ ಮಾಡಿ' ಕಳಿಸುವ ಹಿರಿಯರಿಗೆ ವಿನಯದಿಂದಲೇ ಹೇಳಿಬಿಡಿ: ತೆರೆಯಬೇಡಿ, ಹಾಗೇ ಮುಂದೆ ಕಳಿಸಿ ಸಾಕು.

ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು ಇದ್ದರೆ ಮಾಹಿತಿ ಹೋಯಿತು ಅಂತಲೇ ಅರ್ಥ. ಆ ಫೈಲ್‌ನಿಂದ ಏನೂ ಹೊರಡುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ 'ಎಎನ್‌ಎಸ್‌ಇಎಲ್' ಅಥವಾ 'ಎಎನ್‌ಎಸ್‌ಐ' ಆಯ್ಕೆ ಇದ್ದಿರಬೇಕು, ಅವೆರಡರಲ್ಲೂ ಕನ್ನಡಕ್ಕೆ ಜಾಗವಿಲ್ಲ. ಮೂಲಕ್ಕೆ ಹೋಗಿ, ಯುಟಿಎಫ್-8 ಆರಿಸಿ, ಮತ್ತೆ ತೆಗೆಯಿರಿ. ಎಕ್ಸೆಲ್‌ನಲ್ಲೂ ಇದೇ ಕಾಟ. ಒಕ್ಕದ ಸದಸ್ಯರ ಪಟ್ಟಿ ಬಹಳ ಕಡೆ ಎಕ್ಸೆಲ್‌ನಲ್ಲೇ ಇರುತ್ತದೆ, ಅಲ್ವಾ? ಅದನ್ನು ಸುಮ್ನೆ ಸಿಎಸ್‌ವಿ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ. ಪಟ್ಟಿಯಲ್ಲಿ 'ಸಿಎಸ್‌ವಿ ಯುಟಿಎಫ್-8' ಎಂಬ ಬೇರೆ ಆಯ್ಕೆ ಇದೆ, ಅದನ್ನೇ ಒತ್ತಿ.

ಹೆಸರುಗಳೆಲ್ಲ ಸರಿ ಇದ್ದು, ಉದ್ದದ ಟಿಪ್ಪಣಿಯಲ್ಲಿ ಮಾತ್ರ ನಡುನಡುವೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡರೆ ಕಾರಣ ಬೇರೆ. 5.5.1ರಲ್ಲಿ ಒಂದು ಸಾಲಿಗೆ 255 ಅಕ್ಷರದ ಮಿತಿ ಇದೆ. ಜಾಸ್ತಿಯಾದರೆ ಸಾಲನ್ನು ಮುರಿದು 'ಸಿಒಎನ್‌ಸಿ' ಟ್ಯಾಗ್ ಹಾಕಿ ಮುಂದುವರಿಸಬೇಕು. ಕೆಲವು ಸಾಫ್ಟ್‌ವೇರ್ ಅಕ್ಷರ ಎಣಿಸುವ ಬದಲು ಬೈಟ್ ಎಣಿಸುತ್ತವೆ. ಮೂರು ಬೈಟ್‌ನ ಕನ್ನಡ ಸಂಕೇತದ ನಡುವೆ ಕತ್ತರಿ ಬಿದ್ದರೆ ಎರಡೂ ತುಂಡು ಹಾಳು. ಸುಮಾರು 80 ಸಂಕೇತಕ್ಕೊಮ್ಮೆ ಈ ವಜ್ರ ಕಾಣಿಸಿಕೊಂಡರೆ ಕಾರಣ ಇದೇ ಅಂತ ತಿಳಿಯಿರಿ. ಟಿಪ್ಪಣಿಯನ್ನು ಸಣ್ಣ ಸಣ್ಣ ಸಾಲುಗಳಾಗಿ ಎಂಟರ್ ಒತ್ತಿ ಮುರಿದು ಬರೆದರೆ ತಪ್ಪಿಸಿಕೊಳ್ಳಬಹುದು. 7.0ರಲ್ಲಿ ಈ ಟ್ಯಾಗನ್ನೇ ತೆಗೆದುಹಾಕಿದ್ದಾರೆ.

ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಂಡರೆ ಅದು ಡಿಟಿಪಿ ಅಂಗಡಿಯ ಕೊಡುಗೆ. ಒಕ್ಕದ ಪುಸ್ತಕ ಅಚ್ಚು ಹಾಕಿಸಿದಾಗಿನ ಹಳೇ ನುಡಿ ಅಥವಾ ಬರಹ ಫಾಂಟ್‌ನ ಪಠ್ಯವನ್ನು ನೇರ ಅಂಟಿಸಿರುತ್ತಾರೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತಕಗಳು ಎಡವುವುದು ಅಲ್ಲೇ.

ಒಕ್ಕದ ಹೆಸರು ತಲೆಕೆಳಗಾದರೆ

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರನ್ನೇ ತೆಗೆದುಕೊಳ್ಳಿ: ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲು ಒಕ್ಕ, ಆಮೇಲೆ ಅಪ್ಪನ ಹೆಸರು, ಕೊನೆಗೆ ತಮ್ಮ ಹೆಸರು. ಪಶ್ಚಿಮದ ಸಾಫ್ಟ್‌ವೇರ್ ಕೊನೆಯ ಪದವನ್ನು ಕುಟುಂಬದ ಹೆಸರು ಅಂದುಕೊಳ್ಳುತ್ತದೆ. ಫೈಲ್‌ನಲ್ಲಿ ಕುಟುಂಬದ ಹೆಸರು ಎರಡು ಓರೆ ಗೆರೆಗಳ ನಡುವೆ ಇರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಪೂರ್ತಿ ಹೆಸರು ತುಂಬಿದರೆ ಸಾಫ್ಟ್‌ವೇರ್ ಹೀಗೆ ಬರೆದುಬಿಡುತ್ತದೆ:

1 ನೇಮ್ ಕೊಡಂದೇರ ಮಾದಪ್ಪ /ಕಾರ್ಯಪ್ಪ/

ಇರಬೇಕಾದ್ದು ಹೀಗೆ:

1 ನೇಮ್ /ಕೊಡಂದೇರ/ ಮಾದಪ್ಪ ಕಾರ್ಯಪ್ಪ

ಓರೆ ಗೆರೆಯ ಭಾಗ ಮೊದಲೇ ಬರಬಹುದು ಅಂತ ಜೆಡ್‌ಕಾಮ್ ನಿಯಮದಲ್ಲೇ ಇದೆ. ಮೊದಲನೇ ರೂಪದಲ್ಲಿ ಹೋದರೆ ಊರಲ್ಲಿರುವ ಬೇರೆ ಬೇರೆ ಒಕ್ಕದ ಕಾರ್ಯಪ್ಪಂದಿರೆಲ್ಲ ಒಂದೇ ಕುಟುಂಬ ಅಂತ ತಾಣ ಲೆಕ್ಕ ಹಾಕುತ್ತದೆ. ಆಮೇಲೆ ದಿನಾ ಬೆಳಗ್ಗೆ 'ನಿಮ್ಮ ಸಂಬಂಧಿ ಸಿಕ್ಕಿದ್ದಾರೆ' ಅಂತ ಇಮೇಲ್. ಮೂಲದಲ್ಲಿ ಕುಟುಂಬದ ಹೆಸರಿನ ಪೆಟ್ಟಿಗೆಯಲ್ಲಿ ಒಕ್ಕವನ್ನು ಮಾತ್ರ ಬರೆಯಿರಿ. ಅರೆಭಾಷೆ ಗೌಡರ ಮನೆತನದ ಹೆಸರಿಗೂ ಇದೇ ಮದ್ದು.

ಫೈಲ್ ಸರಿ ಇದ್ದೂ ಪರದೆಯಲ್ಲಿ 'ಮಾದಪ್ಪ ಕಾರ್ಯಪ್ಪ ಕೊಡಂದೇರ' ಅಂತ ಕಂಡರೆ ಗಾಬರಿ ಬೇಡ. ಅದು ತೋರಿಸುವ ಕ್ರಮ ಮಾತ್ರ. ಸೆಟ್ಟಿಂಗ್‌ನಲ್ಲಿ ಕುಟುಂಬದ ಹೆಸರು ಮೊದಲು ಬರುವಂತೆ ಬದಲಿಸಿ.

ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಗೊಂದಲ ಜಾಸ್ತಿ. ಒಬ್ಬರು ತಾಮನೆಯ, ಅಂದರೆ ತವರಿನ ಒಕ್ಕ ಬರೆದಿರುತ್ತಾರೆ, ಇನ್ನೊಬ್ಬರು ಗಂಡನ ಒಕ್ಕ. ಎರಡು ಫೈಲ್ ಸೇರಿದಾಗ ಒಬ್ಬಳೇ ಹೆಂಗಸು ಇಬ್ಬರಾಗುತ್ತಾಳೆ. ಈ ಸಾಫ್ಟ್‌ವೇರ್‌ಗಳ ವಾಡಿಕೆ ಹುಟ್ಟಿದಾಗಿನ ಹೆಸರು ಹಾಕುವುದು. ತಾಮನೆಯದ್ದೇ ಮುಖ್ಯ ಹೆಸರಾಗಿರಲಿ, ಗಂಡನ ಒಕ್ಕ 'ಮದುವೆಯ ನಂತರದ ಹೆಸರು' ಜಾಗದಲ್ಲಿರಲಿ. ನನಗೆ ಇದೇ ಸರಿ ಅನ್ನಿಸುತ್ತದೆ, ಯಾಕೆಂದರೆ ಹಾಗೆ ಮಾಡಿದರೆ ಮಾತ್ರ ಅಜ್ಜಿಯ ಕಡೆಯ ಒಕ್ಕದ ಮರಕ್ಕೆ ನಿಮ್ಮ ಮರ ಕೂಡಿಕೊಳ್ಳುತ್ತದೆ.

'ಮಗುವಿನ ಕುಟುಂಬದ ಹೆಸರು ಅಪ್ಪನದ್ದಕ್ಕಿಂತ ಬೇರೆ ಇದೆ' ಎಂಬ ಎಚ್ಚರಿಕೆ ಬಂದರೆ ಕಣ್ಣುಮುಚ್ಚಿ ತಿದ್ದಬೇಡಿ. ಒಕ್ಕ ಪರಿಜೆ ಎಂಬ ಮದುವೆಯ ಪದ್ಧತಿಯಲ್ಲಿ ಗಂಡನೇ ಹೆಂಡತಿಯ ಒಕ್ಕಕ್ಕೆ ಸೇರಿದ್ದರೆ ಮಕ್ಕಳಿಗೆ ತಾಯಿಯ ಒಕ್ಕವೇ. ಅಲ್ಲಿ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ, ನಿಮಗೆ ಗೊತ್ತು. ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿಡಿ, ಮುಂದಿನವರು ಯಾರಾದರೂ ಅದನ್ನು ತಪ್ಪು ಅಂತ ತಿದ್ದದಿರಲಿ.

ಒಂದೇ ಒಕ್ಕ ಪಟ್ಟಿಯಲ್ಲಿ ಎರಡು ಸಲ

ಕುಟುಂಬದ ಹೆಸರುಗಳ ಪಟ್ಟಿಯಲ್ಲಿ 'ಕೊಡಂದೇರ' ಎರಡು ಸಲ ಇದೆ. ನೋಡಲು ತದ್ರೂಪು. ಹುಡುಕಿದರೆ ಅರ್ಧ ಜನ ಮಾತ್ರ ಸಿಗುತ್ತಾರೆ. ಇದು ಕಣ್ಣಿಗೆ ಕಾಣದ ದೋಷ, ತಲೆ ಕೆಡಿಸುವಂಥದ್ದು.

ಮೊದಲ ಅನುಮಾನ ಸೊನ್ನೆಯ ಮೇಲೆ ಇರಲಿ. ಕನ್ನಡದ ಅನುಸ್ವಾರ ಮತ್ತು ಕನ್ನಡದ ಸೊನ್ನೆ ಅಂಕಿ ನೋಡಲು ಒಂದೇ ಥರ. 'ಕೊಡಂದೇರ' ಮತ್ತು 'ಕೊಡ೦ದೇರ' ಕಂಪ್ಯೂಟರ್‌ಗೆ ಬೇರೆ ಬೇರೆ. ಹಾಗೇ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಒತ್ತಿ 'ಕಾಯ೯ಪ್ಪ' ಅಂತ ಬರೆಯುವವರೂ ಇದ್ದಾರೆ. ಫೈಲ್‌ನ ಪ್ರತಿಯಲ್ಲಿ ಈ ಎರಡು ಅಂಕಿಗಳನ್ನು ಹುಡುಕಿ, ಹೆಸರಿನ ನಡುವೆ ಸಿಕ್ಕಿದವು ಯಾವುವು ಅಂತ ಗುರುತು ಹಾಕಿಕೊಂಡು ಮೂಲದಲ್ಲಿ ತಿದ್ದಿ.

ಎರಡನೇದು ಜೋಡಿಸುವ ಬಗೆ. ಯೂನಿಕೋಡ್‌ನಲ್ಲಿ 'ಕೊ' ಬರೆಯಲು ಎರಡು ದಾರಿ. ಒತ್ವ ಒಂದೇ ಸಂಕೇತವಾಗಿ ಬರಬಹುದು, ಅಥವಾ ಎತ್ವ ಮತ್ತು ಊಕಾರದ ಕೊಂಬು ಎರಡು ಸೇರಿ ಬರಬಹುದು. ದೀರ್ಘದ 'ದೇ'ಗೂ ಹೀಗೇ. 'ಕೊಡಂದೇರ' ಒಂದು ಬಗೆಯಲ್ಲಿ 7 ಸಂಕೇತ, ಇನ್ನೊಂದು ಬಗೆಯಲ್ಲಿ 9. ಮೊದಲನೇ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿ ಬರೆದದ್ದಕ್ಕೆ ಎನ್‌ಎಫ್‌ಡಿ ಅಂತಾರೆ. ಇಡೀ ಫೈಲನ್ನು ಎನ್‌ಎಫ್‌ಸಿಗೆ ತಂದರೆ ಈ ಜೋಡಿಗಳು ಒಂದಾಗುತ್ತವೆ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇದು ಎರಡು ನಿಮಿಷದ ಕೆಲಸ.

ಇವೆರಡೂ ಅಲ್ಲವಾದರೆ ಕಾಗುಣಿತವೇ ಬೇರೆ ಇರುತ್ತದೆ. ಒಬ್ಬರು 'ದೇರ', ಇನ್ನೊಬ್ಬರು 'ದೆರ'. ಇಂಗ್ಲಿಷ್‌ನಲ್ಲಂತೂ ಕೇಳಲೇಬೇಡಿ. ಒಂದು ರೂಪ ನಿರ್ಧರಿಸಿ ಉಳಿದದ್ದನ್ನು ಪರ್ಯಾಯ ಹೆಸರಾಗಿ ಹಾಕಿ. ಬೇರೆ ಒಕ್ಕಗಳ ಹೆಸರಿಗೆ ಆಧಾರ ಬೇಕಾದರೆ ಕೊಡವ ಹಾಕಿ ಹಬ್ಬದ ತಂಡಗಳ ಪಟ್ಟಿ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಈ ಪಂದ್ಯಾವಳಿಯಲ್ಲಿ ತಂಡ ಇಳಿಯುವುದೇ ಒಕ್ಕದ ಹೆಸರಿನಲ್ಲಿ. ತಮ್ಮ ಹೆಸರು ತಪ್ಪಾಗಿ ಅಚ್ಚಾದರೆ ಯಾವ ಒಕ್ಕದವರೂ ಸುಮ್ಮನಿರುವುದಿಲ್ಲ.

ಅಜ್ಜ, ಮೊಮ್ಮಗ ಒಬ್ಬನೇ ಆದಾಗ

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಒಂದೇ ಒಕ್ಕದಲ್ಲಿ ಉತ್ತಪ್ಪ, ಅವನ ಮಗ ಪೂವಯ್ಯ, ಅವನ ಮಗ ಮತ್ತೆ ಉತ್ತಪ್ಪ. ಹುಟ್ಟಿದ ವರ್ಷ ಇಬ್ಬರಿಗೂ ಬರೆದಿಲ್ಲ. ತಾಣದ ಹೊಂದಿಕೆ ಯಂತ್ರ ನೋಡುತ್ತದೆ: ಒಕ್ಕ ಒಂದೇ, ಹೆಸರು ಒಂದೇ, ಪೂವಯ್ಯ ಎಂಬವನೂ ಪಕ್ಕದಲ್ಲಿದ್ದಾನೆ. ಸೇರಿಸಲಾ ಅಂತ ಕೇಳುತ್ತದೆ. ನೀವು ಹೂಂ ಅಂದರೆ ಪೂವಯ್ಯ ತನ್ನ ಅಪ್ಪನಿಗೇ ಅಪ್ಪ. ಒಬ್ಬ ವ್ಯಕ್ತಿ ತನಗೇ ಪೂರ್ವಜ ಅಂತ ಸಾಫ್ಟ್‌ವೇರ್ ಕೂಗಿಕೊಂಡರೆ, ಅಥವಾ ಚಾರ್ಟ್ ತೆರೆಯದೆ ಸುತ್ತುತ್ತಲೇ ಇದ್ದರೆ, ಇಂಥ ಸುತ್ತು ಎಲ್ಲೋ ಬಿದ್ದಿದೆ.

ಸೇರಿಸಿದ್ದನ್ನು ಬಿಡಿಸುವುದು ಬಹಳ ಕಷ್ಟ. ಇಂಪೋರ್ಟ್ ಮಾಡುವ ಮುಂಚಿನ ಪ್ರತಿಗೆ ಹಿಂತಿರುಗುವುದೇ ವಾಸಿ. ಆಮೇಲೆ ವರ್ಷ ಗೊತ್ತಿಲ್ಲದ ಪ್ರತಿಯೊಬ್ಬರಿಗೂ ಒಂದು ಅಂದಾಜು ವರ್ಷ ಕೊಡಿ. ತಲೆಮಾರಿಗೆ 25ರಿಂದ 30 ವರ್ಷ ಲೆಕ್ಕ ಹಿಡಿದು, ಅಂದಾಜು ಅಂತ ಹೇಳುವ 'ಎಬಿಟಿ' ಗುರುತು ಹಾಕಿದರೆ ಸಾಕು. ಇಪ್ಪತ್ತು ವರ್ಷ ಆಚೀಚೆ ಆದರೂ ಪರವಾಗಿಲ್ಲ, ಅಜ್ಜನೂ ಮೊಮ್ಮಗನೂ ಬೇರೆಯಾಗುತ್ತಾರೆ. ಗಮನಿಸಿ: ಸೋದರತ್ತೆಯ ಮಗ, ಸೋದರಮಾವನ ಮಗಳ ಮದುವೆಯಿಂದ ಒಬ್ಬರೇ ಹಿರಿಯರು ಎರಡು ದಾರಿಯಲ್ಲಿ ಪೂರ್ವಜರಾಗುವುದು ದೋಷವಲ್ಲ. ಆ ಎಚ್ಚರಿಕೆ ಬಂದರೆ ಬಿಟ್ಟುಬಿಡಿ.

ದಿನಾಂಕ, ಊರು

"ಅಜ್ಜ ಹುಟ್ಟಿದ್ದು ಯಾವಾಗ ದೊಡ್ಡಮ್ಮ?" ಅಂತ ಕೇಳಿದರೆ "ಪುತ್ತರಿ ಕಳೆದು ಒಂದು ವಾರಕ್ಕೆ ಮಗಾ, ಆ ವರ್ಷ ಕುಯ್ಲು ತಡ ಆಗಿತ್ತು" ಎಂಬ ಉತ್ತರ ಬರುತ್ತದೆ. ಇದನ್ನು ದಿನಾಂಕದ ಜಾಗದಲ್ಲಿ ಹಾಗೇ ಬರೆದರೆ ಮುಂದಿನ ಸಾಫ್ಟ್‌ವೇರ್ ಅದನ್ನು ನುಂಗಿಬಿಡಬಹುದು. ಜೆಡ್‌ಕಾಮ್‌ಗೆ ಬೇಕಾದ್ದು ದಿನ, ಇಂಗ್ಲಿಷ್ ತಿಂಗಳ ಮೊದಲ ಮೂರಕ್ಷರ, ವರ್ಷ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಅಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್. ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್ ಅಂದರೆ ಸೆಪ್ಟೆಂಬರ್ ಶುರು. ದಿನಾಂಕದಲ್ಲಿ ಅಂದಾಜು ತಿಂಗಳು, ವರ್ಷ ಹಾಕಿ. ದೊಡ್ಡಮ್ಮನ ಮಾತನ್ನು ಟಿಪ್ಪಣಿಯಲ್ಲಿ ಹಾಗೇ ಇಡಿ, ಅದಕ್ಕೆ ಬೆಲೆ ಜಾಸ್ತಿ. 03/04/1932 ಥರ ಬರೆದರೆ ಅಮೆರಿಕದ ತಾಣ ಅದನ್ನು ಮಾರ್ಚ್ 4 ಅಂತ ಓದುತ್ತದೆ. ಕನ್ನಡ ಅಂಕಿ ಈ ಜಾಗದಲ್ಲಿ ಬೇಡವೇ ಬೇಡ.

ಊರಿನ ಕಥೆ ಹೀಗೆ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ, ಇಂಗ್ಲಿಷ್ ದಾಖಲೆಗಳಲ್ಲಿ ಕೂರ್ಗ್. ಆಮೇಲೆ 1973ರವರೆಗೆ ಮೈಸೂರು ರಾಜ್ಯ. ಹಾಗಾಗಿ ಹಳೇ ಪ್ರಮಾಣಪತ್ರದಲ್ಲಿ 'ಕೂರ್ಗ್, ಮೈಸೂರು' ಅಂತ ಇದ್ದದ್ದನ್ನು ತಾಣದ ನಕ್ಷೆ ಮೈಸೂರು ನಗರದಲ್ಲಿ ಗುರುತು ಹಾಕುತ್ತದೆ. ಮರ್ಕೆರಾ, ಫ್ರೇಸರ್‌ಪೇಟೆ ಎಂಬ ಹೆಸರುಗಳೂ ಮಡಿಕೇರಿ, ಕುಶಾಲನಗರಕ್ಕೆ ಹೊಂದಿಕೊಳ್ಳದೆ ಬೇರೆ ಊರಾಗಿ ನಿಲ್ಲಬಹುದು. ಗ್ರಾಮ, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಅಲ್ಪವಿರಾಮ ಹಾಕಿ ಈಗಿನ ಹೆಸರು ಬರೆಯಿರಿ, ದಾಖಲೆಯಲ್ಲಿದ್ದ ಹಳೇ ರೂಪ ಟಿಪ್ಪಣಿಗೆ ಹೋಗಲಿ. ಪೊನ್ನಂಪೇಟೆ ಮತ್ತು ಕುಶಾಲನಗರ ಹೊಸ ತಾಲ್ಲೂಕುಗಳಾಗಿವೆ, ಎರಡು ಫೈಲ್‌ಗಳಲ್ಲಿ ಒಂದೇ ಗ್ರಾಮ ಎರಡು ತಾಲ್ಲೂಕಿನಲ್ಲಿ ಕಂಡರೆ ಅದೇ ಕಾರಣ.

ಜನ, ವಿವರ, ಫೋಟೋ ಕಾಣೆಯಾದರೆ

ನೂರಾರು ಜನರ ಹೆಸರಿನ ಜಾಗದಲ್ಲಿ 'ಜೀವಂತ' ಅಥವಾ 'ಖಾಸಗಿ' ಎಂಬರ್ಥದ ಇಂಗ್ಲಿಷ್ ಪದ ಬಂದಿದೆಯಾ? ಎಕ್ಸ್‌ಪೋರ್ಟ್ ಮಾಡುವಾಗ ಬದುಕಿರುವವರನ್ನು ಮರೆಮಾಡುವ ಆಯ್ಕೆ ಆನ್ ಆಗಿದೆ. ಸಾವಿನ ದಿನಾಂಕ ಇಲ್ಲದವರನ್ನು ಬಹಳ ಸಾಫ್ಟ್‌ವೇರ್‌ಗಳು ಬದುಕಿದ್ದಾರೆ ಅಂತಲೇ ಹಿಡಿಯುತ್ತವೆ. ಹೀಗಾಗಿ ಯಾವತ್ತೋ ಕಾರೋಣರಾಗಿ (ಪೂಜೆಗೊಳ್ಳುವ ಪೂರ್ವಜ) ಕೈಮಡ (ಪೂರ್ವಜರ ಗುಡಿ) ಸೇರಿದವರೂ ಜೀವಂತರ ಪಟ್ಟಿಯಲ್ಲಿರುತ್ತಾರೆ. ಅವರಿಗೆ 'ತೀರಿಕೊಂಡಿದ್ದಾರೆ' ಎಂಬ ಗುರುತು ಹಾಕಿ, ದಿನಾಂಕ ಬೇಕಿಲ್ಲ. ಆದರೆ ನಿಜವಾಗಿ ಬದುಕಿರುವವರಿಗೆ ಆ ಆಯ್ಕೆ ಆನ್ ಇರಲಿ. ತಾಯಿಯ ತವರಿನ ಹೆಸರು, ಹುಟ್ಟಿದ ದಿನ ಇವೆಲ್ಲ ಖಾತೆಗಳ ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೂಡ.

ಪಟ್ಟೆದಾರ (ಒಕ್ಕದ ಯಜಮಾನ), ಐನ್‌ಮನೆಯ ಊರು ಅಂತ ನೀವೇ ಮಾಡಿಕೊಂಡ ವಿಶೇಷ ಪೆಟ್ಟಿಗೆಗಳು ಮಾಯವಾಗಿದ್ದರೆ ಫೈಲ್‌ನಲ್ಲಿ ಆ ಟ್ಯಾಗ್ ನೋಡಿ. ಅಡಿಗೆರೆಯಿಂದ ಶುರುವಾಗಿದ್ದರೆ ಅದು ಆ ಸಾಫ್ಟ್‌ವೇರ್‌ನ ಸ್ವಂತ ಟ್ಯಾಗ್, ಬೇರೆಯವರು ಓದಲೇಬೇಕು ಅಂತಿಲ್ಲ. ಎಲ್ಲರಿಗೂ ಗೊತ್ತಿರುವ 'ಫ್ಯಾಕ್ಟ್' ಟ್ಯಾಗ್ ಬಳಸಿ, ಅದರ ಕೆಳಗೆ 'ಟೈಪ್' ಸಾಲಿನಲ್ಲಿ ಪಟ್ಟೆದಾರ ಅಂತ ಬರೆದರೆ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು.

ಫೋಟೋಗಳು ಜೆಡ್‌ಕಾಮ್ ಫೈಲ್‌ನೊಳಗೆ ಇರುವುದೇ ಇಲ್ಲ. ಅಲ್ಲಿರುವುದು ಫೋಟೋ ನಿಮ್ಮ ಕಂಪ್ಯೂಟರ್‌ನ ಯಾವ ಫೋಲ್ಡರ್‌ನಲ್ಲಿದೆ ಎಂಬ ವಿಳಾಸ ಮಾತ್ರ. ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಆ ಫೋಲ್ಡರ್ ಎಲ್ಲಿಂದ ಬರಬೇಕು? ಫೋಟೋಗಳ ಫೋಲ್ಡರ್ ಬೇರೆಯಾಗಿ ಕಳಿಸಿ, ತೆರೆದವರು ಫೈಲ್‌ನ ಪ್ರತಿಯಲ್ಲಿ ಹಳೇ ವಿಳಾಸವನ್ನು ಹುಡುಕಿ ತಮ್ಮ ಫೋಲ್ಡರ್‌ನ ವಿಳಾಸ ಹಾಕಿಕೊಳ್ಳಲಿ. 7.0ರ ಜೊತೆ ಬಂದ ಜೆಡ್‌ಜಿಪ್‌ನಲ್ಲಿ ಫೋಟೋ, ಫೈಲ್ ಎರಡೂ ಒಂದೇ ಕಟ್ಟಿನಲ್ಲಿ ಹೋಗುತ್ತವೆ. ಎರಡೂ ಕಡೆಯ ಸಾಫ್ಟ್‌ವೇರ್ ಅದನ್ನು ಒಪ್ಪಿದರೆ ಅದನ್ನೇ ಬಳಸಿ. ಒಪ್ಪದಿದ್ದರೆ ಪೆನ್‌ಡ್ರೈವ್ ಇದ್ದೇ ಇದೆ, ಫೋಟೋಗಳ ಕಡತದ ಹೆಸರನ್ನು ಮಾತ್ರ ಯಾರೂ ಬದಲಿಸಬೇಡಿ.